ನೆಲ ಸರಿಯುವ ಸಂಗೀತ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವಳು, ವಯಸ್ಸು ಐವತ್ತೆಂಟು. ಧಾರವಾಡ ಆಕಾಶವಾಣಿಯ ಹಿಂದೂಸ್ತಾನಿ ಸಂಗೀತ ಕೇಳುತ್ತ ಬೆಳೆದೆ. ಭಜನೆಗೆ ಹಾರ್ಮೋನಿಯಂ ನುಡಿಸುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ಮದುವೆಗೆಂದು ಬಸ್ಸಿನಲ್ಲಿ ಕುಮಟಾಕ್ಕೆ ಹೋಗುವಾಗ ಮಗ ತನ್ನ ಇಯರ್‌ಫೋನನ್ನು ನನ್ನ ಕಿವಿಗೆ ಹಾಕಿ, ‘ಎಕ್ಸ್‌ಪ್ಲೋಷನ್ಸ್ ಇನ್ ದಿ ಸ್ಕೈ’ ಎಂಬ ಅಮೆರಿಕದ ತಂಡದ ಒಂದು ಆಲ್ಬಮ್ ಕೇಳಿಸಿದ. ಹಾಡುವವರೇ ಇಲ್ಲ, ಗಿಟಾರ್, ಡ್ರಮ್, ನಡುವೆ ಪಿಟೀಲಿನಂಥದ್ದು ಏನೋ. ದೇವಿಮನೆ ಘಟ್ಟ ಇಳಿಯುವಾಗ ಒಂದು ಕಡೆ ಮೈ ಝುಮ್ಮೆಂದಿತು, ಕಣ್ಣು ತುಂಬಿತು. ಮಗ ಬೆಂಗಳೂರಿಗೆ ಮರಳಿದ ಮೇಲೆ ಮನೆಯಲ್ಲಿ ಮೊಬೈಲಿನಲ್ಲಿ ಅದೇ ಜಾಗವನ್ನು ಹುಡುಕಿ ಹಾಕಿದರೆ ಏನೂ ಆಗುತ್ತಿಲ್ಲ. ಬಾರಿಸಿದ್ದನ್ನೇ ಬಾರಿಸುತ್ತಾರೆ, ಆಮೇಲೆ ಗದ್ದಲ ಮಾಡುತ್ತಾರೆ ಎನಿಸುತ್ತದೆ. ಅಂದು ಆದದ್ದು ಭ್ರಮೆಯೇ? ಮಗ ಪಕ್ಕದಲ್ಲಿದ್ದನೆಂದು ಹಾಗಾಯಿತೇ? ಇಷ್ಟವಾಗಲೇಬೇಕೆಂದು ಮತ್ತೆ ಮತ್ತೆ ಕೇಳುವುದು ಸರಿಯೇ?

ಉತ್ತರ: ಭ್ರಮೆಯಲ್ಲ. ಬಸ್ಸಿನಲ್ಲಿ ನೀವು ಕೇಳಿದ್ದರ ಅರ್ಧ ಭಾಗ ನಿಮ್ಮ ಮನೆಯ ಮೊಬೈಲಿನಿಂದ ಹೊರಗೇ ಬರುತ್ತಿಲ್ಲ. ನಿಮ್ಮ ಸಮಾಧಾನಕ್ಕಾಗಿ ಈ ಮಾತು ಹೇಳುತ್ತಿಲ್ಲ. ನೀವೇ ಪರೀಕ್ಷಿಸಿ ನೋಡಬಹುದು. ಅದೇ ಮೊಬೈಲಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಖಯಾಲ್ ಹಾಕಿ, ತಂಬೂರಿಯ ಖರಜದ, ಎಂದರೆ ಅತಿ ಕೆಳಗಿನ ಸ್ವರದ, ತಂತಿಯನ್ನು ಹುಡುಕಿ. ಜವಾರಿಯ ಝೇಂಕಾರ ಕೇಳುತ್ತದೆ, ತಂತಿಯ ಭಾರ ಕೇಳುವುದಿಲ್ಲ. ಕಡಲೆಕಾಯಿಯಷ್ಟು ದೊಡ್ಡ ಸ್ಪೀಕರ್ ಸೆಕೆಂಡಿಗೆ ಕೆಲವು ನೂರರ ಕೆಳಗಿನ ಕಂಪನಗಳನ್ನು ಬಲವಾಗಿ ಹೊರಡಿಸಲಾರದು. ಸಾಮಾನ್ಯವಾಗಿ ಶ್ರುತಿ ಮಾಡಿದ ಗಿಟಾರಿನ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಬೇಸ್ ಗಿಟಾರಿನದು ಸುಮಾರು 41 ಸಲ. ಆ ಸ್ವರಗಳ ಮೇಲಿನ ಅಂಶಗಳಷ್ಟೇ ಮೊಬೈಲಿನಿಂದ ಬರುತ್ತವೆ. ಅವುಗಳನ್ನು ಹಿಡಿದು ಮೆದುಳು ಕೆಳಗಿನ ಸ್ವರ ಯಾವುದೆಂದು ಊಹಿಸಿಕೊಳ್ಳುತ್ತದೆ. ಸ್ವರದ ಗುರುತು ಸಿಗುತ್ತದೆ, ಮೈಗೆ ತಾಗುವುದಿಲ್ಲ. ಮಗನ ಇಯರ್‌ಫೋನ್ ಕಿವಿಯನ್ನು ಮುಚ್ಚಿ ಕೂತಿದ್ದರಿಂದ ಅಂದು ಅದು ತಾಗಿತ್ತು.

ಖಯಾಲಿನಲ್ಲಿ ಖರಜದ ಭಾರ ಕಳೆದರೂ ಗಾಯಕರ ಧ್ವನಿ ಉಳಿಯುತ್ತದೆ, ರಾಗ ಉಳಿಯುತ್ತದೆ. ಈ ತಂಡದ ಸಂಗೀತದಲ್ಲಿ ಕೆಳಗಿನದು ಕಳೆದರೆ ನಡೆಯುವುದೇ ಕಳೆಯುತ್ತದೆ. ನಿಮ್ಮ ಪ್ರಶ್ನೆಯ ತಿರುಳು ಇದೇ ಎಂದು ನನಗೆ ಅನಿಸುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಮ್ಮ ಸಂಗೀತದಲ್ಲಿ ಷಡ್ಜ, ಎಂದರೆ ‘ಸ’, ಕದಲುವುದಿಲ್ಲ. ಅದು ನೆಲ. ಅದರ ಮೇಲೆ ಸ್ವರ ನಡೆಯುತ್ತದೆ, ತಿರುಗುತ್ತದೆ, ದೂರ ಹೋಗಿ ಮರಳಿ ಬರುತ್ತದೆ. ಕೇಳುವ ನಾವು ನಡೆಯುವವನನ್ನು ನೋಡುತ್ತೇವೆ, ನೆಲವನ್ನು ನೋಡುವುದಿಲ್ಲ. ನಲವತ್ತು ವರ್ಷ ಹಾಗೆ ಕೇಳಿದ ಕಿವಿ ಈ ಆಲ್ಬಮಿಗೆ ಬಂದಾಗಲೂ ಮೇಲಿನ ಸ್ವರವನ್ನೇ ಹಿಂಬಾಲಿಸುತ್ತದೆ. ಆ ಸ್ವರವೋ ನಾಲ್ಕೈದು ನಿಮಿಷ ಇದ್ದಲ್ಲೇ ಇರುತ್ತದೆ. ‘ಬಾರಿಸಿದ್ದನ್ನೇ ಬಾರಿಸುತ್ತಾರೆ’ ಎಂದು ನೀವು ಬರೆದದ್ದು ನಿಮ್ಮ ಕಿವಿಯ ದೋಷವಲ್ಲ; ಮೇಲೆ ನಿಜಕ್ಕೂ ಬಾರಿಸಿದ್ದನ್ನೇ ಬಾರಿಸುತ್ತಿರುತ್ತಾರೆ. ಆದರೆ ಅಷ್ಟು ಹೊತ್ತೂ ಅದರ ಕೆಳಗೆ ನೆಲ ಸರಿಯುತ್ತಿರುತ್ತದೆ. ನಮ್ಮಲ್ಲಿ ನೆಲ ನಿಂತು ಸ್ವರ ನಡೆಯುತ್ತದೆ, ಅವರಲ್ಲಿ ಬಹಳ ಕಡೆ ಸ್ವರ ನಿಂತು ನೆಲ ನಡೆಯುತ್ತದೆ.

ಮನೆಯಲ್ಲಿ ಹಾರ್ಮೋನಿಯಂ ಇರುವುದು ಒಳ್ಳೆಯದಾಯಿತು. ಮಧ್ಯ ಸಪ್ತಕದ ಷಡ್ಜವನ್ನು ಒಂದು ಬೆರಳಿನಲ್ಲಿ ಒತ್ತಿ ಹಿಡಿಯಿರಿ, ಕೊನೆಯವರೆಗೂ ಬಿಡಬೇಡಿ. ಅದರ ಕೆಳಗೆ ಮಂದ್ರದ, ಎಂದರೆ ಕೆಳಗಿನ ಸಪ್ತಕದ, ಷಡ್ಜವನ್ನು ಸೇರಿಸಿ ನಾಲ್ಕು ಉಸಿರಿನಷ್ಟು ಹೊತ್ತು ನಿಲ್ಲಿ. ಆಮೇಲೆ ಮಂದ್ರದ ಷಡ್ಜ ಬಿಟ್ಟು ಮಂದ್ರದ ಶುದ್ಧ ಧೈವತಕ್ಕೆ ಬನ್ನಿ. ಮೇಲಿನ ಬೆರಳು ಅಲ್ಲೇ ಇದೆ, ಆದರೆ ಆ ಷಡ್ಜದ ಮುಖದ ಮೇಲೆ ಒಂದು ನೆರಳು ಬಿದ್ದಂತಾಗುತ್ತದೆ. ಈಗ ಮಂದ್ರದ ಶುದ್ಧ ಮಧ್ಯಮಕ್ಕೆ ಇಳಿಯಿರಿ. ಅದೇ ಷಡ್ಜ ಈ ಸಲ ಬಾಗಿಲು ತೆರೆದಂತೆ ಅಗಲವಾಗುತ್ತದೆ, ಏಕೆಂದರೆ ಮಧ್ಯಮವನ್ನು ನೆಲವೆಂದುಕೊಂಡರೆ ನಿಮ್ಮ ಷಡ್ಜವೇ ಅದರ ಪಂಚಮ. ಮಾಲಕೌಂಸ್ ಹಾಡುವಾಗ ತಂಬೂರಿಯನ್ನು ಪಂಚಮದ ಬದಲು ಮಧ್ಯಮಕ್ಕೆ ಶ್ರುತಿ ಮಾಡಿದರೆ ಇಡೀ ಕೋಣೆಯ ಗಾಳಿ ಬದಲಾದಂತೆ ಅನಿಸುವುದನ್ನು ನೀವು ಬಲ್ಲಿರಿ. ಆ ಬದಲಾವಣೆಯನ್ನು ಒಂದೇ ರಚನೆಯೊಳಗೆ ಕೆಲವು ಕ್ಷಣಗಳಿಗೊಮ್ಮೆ ಮಾಡುತ್ತ ಹೋದರೆ ಏನಾಗುತ್ತದೋ, ಅದರ ಮೇಲೆ ಈ ಸಂಗೀತ ಕಟ್ಟಿಕೊಂಡಿದೆ.

ಇದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ನಾನು ಕಾರವಾರದಲ್ಲಿ ಗಿಟಾರ್ ಕಲಿಸುತ್ತೇನೆ. ಅದಕ್ಕೂ ಮೊದಲು ಹಲವು ವರ್ಷ ಕರಾವಳಿಯ ಯಕ್ಷಗಾನಗಳಿಗೆ, ಸಂಗೀತ ಸಭೆಗಳಿಗೆ ಧ್ವನಿವರ್ಧಕ ನೋಡಿಕೊಳ್ಳುತ್ತಿದ್ದೆ. ನಿಮ್ಮ ಮಗ ಕೇಳಿಸಿದ ಆಲ್ಬಮ್ 2003ರದು; ‘ಭೂಮಿ ತಣ್ಣಗಿನ ಸತ್ತ ಜಾಗವಲ್ಲ’ ಎಂಬ ಅರ್ಥದ ಹೆಸರು, ಐದು ರಚನೆಗಳು, ಮುಕ್ಕಾಲು ಗಂಟೆ. ಅದು ನನ್ನ ಕೈಗೆ ಬಂದದ್ದು ಮೂರು ವರ್ಷ ತಡವಾಗಿ, ಸ್ನೇಹಿತನೊಬ್ಬ ಬರೆದುಕೊಟ್ಟ ಸಿ.ಡಿ.ಯಲ್ಲಿ. ಮೊದಲ ತಿಂಗಳು ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಗಿಟಾರ್ ನುಡಿಸುವವನು ಗಿಟಾರಿನಲ್ಲಿ ಕಾಯುವುದು ಬೆರಳಿನ ಚಳಕಕ್ಕೆ. ಮೂವರು ಗಿಟಾರ್ ವಾದಕರಿದ್ದೂ ಒಬ್ಬನಾದರೂ ಮುಂದೆ ಬಂದು ತನ್ನ ಕೈ ತೋರಿಸುವುದಿಲ್ಲವಲ್ಲ ಎಂದು ಬೇಸರಪಟ್ಟೆ.

ಆಗ ಕಾರವಾರದ ಬೈತಖೋಲ ಬಂದರಿನ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದೆ. ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ದಿನಗಳು. ದೋಣಿಗಳೆಲ್ಲ ದಡದಲ್ಲಿ ಕಟ್ಟಿಕೊಂಡಿದ್ದವು, ಕಾರ್ಯಕ್ರಮಗಳೂ ಇರಲಿಲ್ಲ. ಒಂದು ಸಂಜೆ ಬೇರೇನೂ ತೋಚದೆ ಆ ಸಿ.ಡಿ. ಹಾಕಿ, ಗಿಟಾರ್ ತೊಡೆಯ ಮೇಲಿಟ್ಟುಕೊಂಡೆ. ಮೊದಲ ರಚನೆ ಒಂದೇ ಒಂದು ಎತ್ತರದ ಸ್ವರದಿಂದ ಶುರುವಾಗುತ್ತದೆ. ಅದು ಮಿಡಿಯುತ್ತಲೇ ಇರುತ್ತದೆ, ಸ್ವಲ್ಪ ಹೊತ್ತಿಗೆ ದೊಡ್ಡ ಡ್ರಮ್ ಎದೆಬಡಿತದಂತೆ ಸೇರಿಕೊಳ್ಳುತ್ತದೆ. ಪ್ರಜ್ಞೆ ತಪ್ಪಿದ್ದವನು ಮೊದಲ ಸಲ ಉಸಿರೆಳೆದುಕೊಳ್ಳುವ ಗಳಿಗೆಯ ಹೆಸರು ಆ ರಚನೆಗಿದೆ. ನಾನು ಆ ಒಂದು ಸ್ವರವನ್ನು ಹುಡುಕಿ ಅವರ ಜೊತೆ ಮೀಟತೊಡಗಿದೆ. ಉಳಿದ ಗಿಟಾರುಗಳು ಕೆಳಗೆ ಬಂದವು. ನನ್ನ ಬೆರಳು ಅಲ್ಲಾಡಲಿಲ್ಲ, ನಾನು ಮೀಟುತ್ತಿದ್ದ ಸ್ವರ ಮಾತ್ರ ಬೇರೆಯಾಯಿತು. ಒಮ್ಮೆ ಕೊರಗಿದಂತೆ, ಮತ್ತೊಮ್ಮೆ ಯಾರೋ ಹೆಗಲ ಮೇಲೆ ಕೈಯಿಟ್ಟಂತೆ. ಏನನ್ನೂ ಬದಲಾಯಿಸದೆ ಕೂತವನ ಸುತ್ತ ಲೋಕ ಬದಲಾದ ಹಾಗೆ. ಅಂದಿನಿಂದ ಇಂದಿನವರೆಗೆ ಆ ಆಲ್ಬಮನ್ನು ನಾನು ಬಿಟ್ಟಿಲ್ಲ.

ನಿಮ್ಮ ಪಿಟೀಲಿನ ಸಂಶಯ ಬಹಳ ಜನರಿಗೆ ಬರುತ್ತದೆ. ಅದೂ ಗಿಟಾರೇ. ತಂತಿಯನ್ನು ಕಡ್ಡಿಯಿಂದ ಮೇಲೆ ಕೆಳಗೆ ಅತಿ ವೇಗವಾಗಿ ಮೀಟುತ್ತಾರೆ. ಸಂತೂರಿನಲ್ಲಿ ಕಲಮ್ ಎಂಬ ಕಡ್ಡಿಗಳ ನಡುಕದಿಂದ ಸ್ವರವನ್ನು ಉದ್ದಕ್ಕೆ ಎಳೆಯುತ್ತಾರಲ್ಲ, ಹಾಗೆ. ಅದರ ಮೇಲೆ ಕಾಲಡಿಯಲ್ಲಿ ಒತ್ತುವ ಪೆಡಲುಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಡಿಲೇ: ನುಡಿಸಿದ ಸ್ವರವನ್ನು ಹಿಡಿದಿಟ್ಟು ಸ್ವಲ್ಪ ತಡೆದು ಮರಳಿಸುತ್ತದೆ. ಯಾಣದಲ್ಲಿ ಆ ಕಪ್ಪು ಬಂಡೆಯಿಂದ ಸುಮಾರು 70 ಮೀಟರ್ ದೂರ ನಿಂತು ಕೂಗಿದರೆ ನಿಮ್ಮ ಕೂಗು ಹೋಗಿ ಬರಲು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಬೇಕು. ಪೆಡಲ್ ಆ ಬಂಡೆಯನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದೆ; ದೂರವನ್ನು ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ವೇಗದ ಮೀಟು, ಅದರ ಮರುದನಿ ಎರಡೂ ಒಂದರೊಳಗೊಂದು ಬೆರೆತಾಗ ಮೀಟಿದ ಗುರುತು ಅಳಿಸಿ, ಕಮಾನು ಎಳೆದಂತೆ ಕೇಳುತ್ತದೆ. ಬ್ರಿಟನ್ನಿನ ವಿಮರ್ಶಕ ಸೈಮನ್ ರೆನಾಲ್ಡ್ಸ್ 1994ರಲ್ಲಿ ಇಂಥ ಸಂಗೀತಕ್ಕೆ ‘ಪೋಸ್ಟ್ ರಾಕ್’ ಎಂಬ ಹೆಸರನ್ನು ಬಳಕೆಗೆ ತಂದಾಗ ಅವರು ಗುರುತಿಸಿದ್ದೂ ಇದನ್ನೇ: ವಾದ್ಯಗಳು ರಾಕ್‌ನವು, ಕೆಲಸ ರಾಕ್‌ನದಲ್ಲ, ಗಿಟಾರ್ ಇಲ್ಲಿ ನಾದದ ಬಣ್ಣಕ್ಕೆ, ನೇಯ್ಗೆಗೆ. ಹೆಸರು ಈಗ ಸವೆದುಹೋಗಿದೆ, ಗ್ರಹಿಕೆ ಸವೆದಿಲ್ಲ.

ತಂಡದ ಬಗ್ಗೆ ಎರಡು ಮಾತು ಸಾಕು. ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ 1999ರಲ್ಲಿ ಕೂಡಿದ ನಾಲ್ವರು. ಮುನಾಫ್ ರಯಾನಿ, ಮಾರ್ಕ್ ಸ್ಮಿತ್, ಮೈಕೆಲ್ ಜೇಮ್ಸ್ ಗಿಟಾರ್; ಕ್ರಿಸ್ ಹ್ರಾಸ್ಕಿ ಡ್ರಮ್. ಜೇಮ್ಸ್ ಬೇಸ್ ಗಿಟಾರನ್ನೂ ನುಡಿಸುತ್ತಾರೆ. ಆ ವರ್ಷದ ಜುಲೈ 4ರ ರಾತ್ರಿ, ಅಮೆರಿಕದ ಸ್ವಾತಂತ್ರ್ಯ ದಿನ, ರೇಡಿಯೊ ಕೇಂದ್ರವೊಂದರಿಂದ ಹೊರಬರುವಾಗ ಬಾನಿನಲ್ಲಿ ಬಾಣಬಿರುಸು ಸಿಡಿಯುತ್ತಿತ್ತು. ಹ್ರಾಸ್ಕಿ ಆಡಿದ ಮಾತೇ ತಂಡದ ಹೆಸರಾಯಿತು. ಹ್ರಾಸ್ಕಿಯವರ ಕೈಯನ್ನು ವಿಶೇಷವಾಗಿ ಗಮನಿಸಿ. ಅವರು ಬಹಳ ಕಡೆ ತಾಳ ಹಿಡಿದು ಕೂರುವುದಿಲ್ಲ. ಸೈನ್ಯದ ಪಥಸಂಚಲನದಂತೆ ಸಣ್ಣ ಡ್ರಮ್ಮಿನ ಮೇಲೆ ಉರುಳಿಸುತ್ತ, ಗಿಟಾರುಗಳನ್ನು ಹಿಂದಿನಿಂದ ತಳ್ಳುತ್ತ ಹೋಗುತ್ತಾರೆ. ಯಕ್ಷಗಾನದಲ್ಲಿ ಒಡ್ಡೋಲಗದ, ಎಂದರೆ ವೇಷದ ಮೊದಲ ಪ್ರವೇಶದ, ಹೊತ್ತಿಗೆ ಚಂಡೆಯವರು ವೇಷವನ್ನು ಬಣ್ಣದ ಚೌಕಿಯಿಂದ ರಂಗಕ್ಕೆ ಎಳೆದು ತರುವುದನ್ನು ನೋಡಿದ ನಮ್ಮ ಜಿಲ್ಲೆಯವರಿಗೆ ಈ ತಳ್ಳುವಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ‘ಅದೇ ಜಾಗವನ್ನು ಹುಡುಕಿ ಹಾಕಿದೆ’ ಎಂಬ ನಿಮ್ಮ ಮಾತು. ಎರಡನೆಯ ತೊಡಕು ಅಲ್ಲಿದೆ. ಯಕ್ಷಗಾನದ ರಾತ್ರಿಯಿಡೀ ಮನೆಯಲ್ಲಿ ಮಲಗಿದ್ದು, ಮಹಿಷಾಸುರ ದೊಂದಿ ಹಿಡಿದು ಪ್ರೇಕ್ಷಕರ ನಡುವಿನಿಂದ ನುಗ್ಗುವ ಹೊತ್ತಿಗೆ ಮಾತ್ರ ಯಾರೋ ಎಬ್ಬಿಸಿ ಕರೆತಂದರೆ ವೇಷ ಕಾಣುತ್ತದೆ, ಬೆಂಕಿ ಕಾಣುತ್ತದೆ, ಎದೆ ನಡುಗುವುದಿಲ್ಲ. ನಿಮಗೆ ಮೈ ಝುಮ್ಮೆಂದದ್ದು ಆ ಜಾಗದಿಂದಲ್ಲ, ಅದಕ್ಕೆ ಮೊದಲಿನ ಏಳೆಂಟು ನಿಮಿಷಗಳಿಂದ. ಬಸ್ಸಿನಲ್ಲಿ ನಿಮಗೆ ಬೇರೆ ಕೆಲಸವಿರಲಿಲ್ಲ, ಮುಂದಕ್ಕೆ ಸರಿಸುವ ಗುಂಡಿ ಮಗನ ಕೈಯಲ್ಲಿತ್ತು, ನೀವು ಕಾದಿರಿ.

ಕಾಯುವುದಕ್ಕೂ ರೋಮಾಂಚನಕ್ಕೂ ಇರುವ ನಂಟನ್ನು ಅಳೆದು ನೋಡಿದವರಿದ್ದಾರೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಲೋರಿ ಸಲಿಂಪೂರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತ ಕೇಳಿದರೆ ಮೈ ಝುಮ್ಮೆನ್ನುವ ಸ್ವಭಾವದವರಿಗೆ ಅವರವರೇ ಆರಿಸಿ ತಂದ, ಹಾಡಿಲ್ಲದ ಸಂಗೀತವನ್ನು ಕೇಳಿಸಿ ಮೆದುಳನ್ನು ಪರಿಶೀಲಿಸಿದರು. ಡೋಪಮಿನ್ ಎಂಬ ರಾಸಾಯನಿಕ ಎರಡು ಬೇರೆ ಕಡೆ, ಎರಡು ಬೇರೆ ಹೊತ್ತಿನಲ್ಲಿ ಸ್ರವಿಸುತ್ತಿತ್ತು: ಒಂದು ಆ ಗಳಿಗೆ ಬಂದಾಗ, ಇನ್ನೊಂದು ಅದು ಬರಲಿದೆ ಎಂದು ಕಾಯುವಾಗ. ಅವರು ಆರಿಸಿ ತಂದದ್ದೆಲ್ಲ ತಮಗೆ ಚೆನ್ನಾಗಿ ಗೊತ್ತಿದ್ದ ಸಂಗೀತ ಎಂಬುದನ್ನು ನಾನು ಮುಖ್ಯವೆಂದುಕೊಳ್ಳುತ್ತೇನೆ. ಮುಂದೇನೆಂದು ತಿಳಿದಿದ್ದವರೇ ಕಾದರು. ಅಂದರೆ ಎರಡನೆಯ, ಐದನೆಯ, ಹತ್ತನೆಯ ಸಲದ ಕೇಳುವಿಕೆಯಲ್ಲಿ ಸಿಗಬೇಕಾದದ್ದು ಇನ್ನೂ ನಿಮ್ಮ ಮುಂದೆಯೇ ಇದೆ.

ಒಂದು ವಿಷಯದಲ್ಲಿ ನಿಮ್ಮನ್ನು ಎಚ್ಚರಿಸಬೇಕು. ಮೆಲ್ಲಗೆ ಶುರುವಾಗಿ ಬಲಿಯುತ್ತ ಹೋಗುತ್ತದೆ ಎಂಬ ಕಾರಣಕ್ಕೆ ಇದನ್ನು ಆಲಾಪ, ಜೋಡ್, ಝಾಲಾ ಎಂದು, ರಾಗವನ್ನು ನಿಧಾನದಿಂದ ವೇಗಕ್ಕೆ ಬೆಳೆಸುವ ಆ ಹಂತಗಳೆಂದು ಕೇಳಲು ಹೋಗಬೇಡಿ. ನನ್ನ ಪರಿಚಯದ ಸಂಗೀತಗಾರರು ಹಾಗೆ ಕೇಳಿ ನಿರಾಶರಾಗಿದ್ದಾರೆ. ಇಲ್ಲಿ ಆ ಕ್ಷಣದ ಮನೋಧರ್ಮಕ್ಕೆ ಜಾಗ ಬಹಳ ಕಡಿಮೆ. ರಚನೆ ಮೊದಲೇ ಕಟ್ಟಿಟ್ಟದ್ದು. ರಾಗವೂ ಇಲ್ಲ, ಆದ್ದರಿಂದ ಮುಂದಿನ ಸ್ವರ ಹೀಗೇ ಬರಬೇಕೆಂಬ ನಡೆಯ ಮರ್ಯಾದೆಯೂ ಇಲ್ಲ. ಒಬ್ಬ ಕಲಾವಿದನ ವಿಸ್ತಾರವೂ ಇದಲ್ಲ. ಮೂವರೂ ತಲಾ ನಾಲ್ಕಾರು ಸ್ವರಗಳ ಸಣ್ಣ ಎಳೆಯನ್ನು ಹಿಡಿದಿರುತ್ತಾರೆ. ಬೇರೆ ಬೇರೆಯಾಗಿ ಕೇಳಿದರೆ ಅವುಗಳಲ್ಲಿ ಏನೂ ಇಲ್ಲ, ಜಡೆ ಹೆಣೆದಂತೆ ಹೆಣೆದಾಗ ಯಾರೂ ನುಡಿಸದ ಒಂದು ಧಾಟಿ ನಡುವೆ ಕಾಣಿಸಿಕೊಳ್ಳುತ್ತದೆ. ಯಾವ ಒಬ್ಬರ ಕೈಯಲ್ಲೂ ಇಲ್ಲದ ಆ ಧಾಟಿಗಾಗಿಯೇ ನಾನು ಈ ತಂಡವನ್ನು ಇಷ್ಟು ಪ್ರೀತಿಸುವುದು.

ಮಳೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಈಗ ನಿಮ್ಮಲ್ಲಿ ಹಗಲೂ ರಾತ್ರಿ ಸುರಿಯುತ್ತಿರಬೇಕು. ಹೆಂಚಿನ ಮಾಡಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಅಂಗಳದ ತಗಡಿನ ಮೇಲೆ ಬೀಳುವ ಮಳೆ ಈ ಆಲ್ಬಮಿನ ಮೆಲುದನಿಯ ಭಾಗಗಳನ್ನು ಪೂರ್ತಿ ನುಂಗುತ್ತದೆ. ಕೇಳಿಸದೆಂದು ಶಬ್ದ ಏರಿಸುತ್ತೀರಿ. ಜೋರಾದ ಭಾಗ ಬಂದಾಗ ಕಿವಿಗೆ ಬಡಿಯುತ್ತದೆ. ‘ಆಮೇಲೆ ಗದ್ದಲ’ ಎನಿಸುತ್ತದೆ. ಮೆಲುದನಿಗೂ ಅಬ್ಬರಕ್ಕೂ ನಡುವಿನ ಅಂತರವೇ ಈ ಸಂಗೀತದ ಮುಖ್ಯ ಅಲಂಕಾರ, ಅದಕ್ಕೆ ಮೌನವಾದ ಹಿನ್ನೆಲೆ ಬೇಕು. ಮಳೆ ಹೊಳವಾದ ರಾತ್ರಿಯೊಂದನ್ನು ಹುಡುಕಿಕೊಳ್ಳಿ. ಕಿವಿಯ ರಂಧ್ರವನ್ನು ಮೆತ್ತಗೆ ಮುಚ್ಚುವ ರಬ್ಬರ್ ತುದಿಯ ಇಯರ್‌ಫೋನ್ ಸಾಕು, ದುಬಾರಿಯದು ಬೇಡ. ಶಬ್ದದ ಮಟ್ಟವನ್ನು ಮೆಲ್ಲಗಿನ ಭಾಗಕ್ಕಲ್ಲ, ಜೋರಿನ ಭಾಗಕ್ಕೆ ಹೊಂದಿಸಿ ಇಟ್ಟು, ಆಮೇಲೆ ಮೊದಲಿನಿಂದ ಹಾಕಿ ಕೈ ತೆಗೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90 ಡೆಸಿಬೆಲ್‌ಗೆ ಏರಿದರೆ ವಾರಕ್ಕೆ 4 ಗಂಟೆ ಮಾತ್ರ. ಹಲವು ವರ್ಷ ಸ್ಪೀಕರುಗಳ ಪಕ್ಕದಲ್ಲಿ ಕೂತು ಒಂದು ಕಿವಿಯನ್ನು ಸ್ವಲ್ಪ ಕಳೆದುಕೊಂಡವನು ಈ ಮಾತನ್ನು ಕಳಕಳಿಯಿಂದ ಹೇಳುತ್ತಿದ್ದಾನೆ.

ಮೊದಲು ಕೊನೆಯ ರಚನೆಯನ್ನು ಕೇಳಿ. ‘ನಿನ್ನ ಕೈ ನನ್ನ ಕೈಯಲ್ಲಿ’ ಎಂಬ ಅರ್ಥದ ಹೆಸರು, ಎಂಟು ನಿಮಿಷ, ಐದರಲ್ಲಿ ಎಲ್ಲಕ್ಕಿಂತ ಸೌಮ್ಯವಾದದ್ದು. ಎರಡು ಗಿಟಾರುಗಳು ಒಂದನ್ನೊಂದು ಮಾತನಾಡಿಸುವಂತೆ ತೊಡಗುತ್ತವೆ. ಒಂದು ಸಲ ಮೇಲಿನದನ್ನು ಹಿಡಿದು ಕೇಳಿ. ಮರುದಿನ ಮೇಲಿನದನ್ನು ಪೂರ್ತಿ ಬಿಟ್ಟು ಕೆಳಗಿನದನ್ನು ಮಾತ್ರ ಹಿಂಬಾಲಿಸಿ, ಹಾರ್ಮೋನಿಯಂನಲ್ಲಿ ನಿಮ್ಮ ಎಡಗಡೆಯ ಬೆರಳು ಇಳಿದ ಹಾಗೆ ಅದು ಎಲ್ಲೆಲ್ಲಿ ಇಳಿಯುತ್ತದೆಂದು. ಅದು ಕೈವಶವಾದ ಮೇಲೆ ಐದನ್ನೂ ಅವರಿಟ್ಟ ಕ್ರಮದಲ್ಲೇ, ನಿಲ್ಲಿಸದೆ. ಹೆಸರುಗಳನ್ನು ಮಗನಿಂದ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಡೀ ಆಲ್ಬಮಿನಲ್ಲಿ ಮಾತು ಎಂದಿರುವುದು ಆ ಹೆಸರುಗಳಲ್ಲಿ ಮಾತ್ರ, ಅವುಗಳನ್ನು ಅವರು ಸುಮ್ಮನೆ ಇಟ್ಟಿಲ್ಲ. ಮೂರನೆಯದು ‘ಸಮುದ್ರದ ತಳದಲ್ಲಿ ಆರು ದಿನ’. ಕಡಲ ಬದಿಯಲ್ಲಿ ಬದುಕುವ ನನಗೆ ಆ ಹೆಸರು ತಿಳಿದ ಮೇಲೆ ಆ ರಚನೆಯ ಮೊದಲ ನಿಮಿಷವೇ ಬೇರೆಯಾಯಿತು.

ಮಗನ ಕುರಿತ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೌದು, ಅವನು ಪಕ್ಕದಲ್ಲಿದ್ದದ್ದಕ್ಕೂ ಅದರಲ್ಲಿ ಪಾಲಿದೆ. ಅದರಿಂದ ನಿಮ್ಮ ಅನುಭವ ಸುಳ್ಳಾಗುವುದಿಲ್ಲ. ಧಾರವಾಡ ಆಕಾಶವಾಣಿಯನ್ನು ನಿಮ್ಮ ಮನೆಯಲ್ಲಿ ಯಾರು ಹಚ್ಚುತ್ತಿದ್ದರು? ಮೊದಲ ವಿಲಂಬಿತ ಏಕತಾಲ ನಿಮಗೆ ಅಂದೇ ಇಷ್ಟವಾಯಿತೇ, ಅಥವಾ ಅಪ್ಪನೋ ಅಜ್ಜನೋ ಕೇಳುತ್ತ ಕೂತಾಗ ಎದ್ದು ಹೋಗಲಾಗದೆ ಕೂತು, ಒಂದು ದಿನ ಸಮ್, ಎಂದರೆ ತಾಳದ ಮೊದಲ ಪೆಟ್ಟು, ಬರುವ ಮೊದಲೇ ತಲೆ ತೂಗಿದಿರೇ? ಮೊದಲು ಒಬ್ಬ ಮನುಷ್ಯನ ಮೇಲಿನ ಪ್ರೀತಿಯಿಂದ ಕೂತೆವು, ಆಮೇಲೆ ಸಂಗೀತ ತಾನೇ ಕೂರಿಸಿಕೊಂಡಿತು. ಈಗ ಮಗ ನಿಮ್ಮನ್ನು ಕೂರಿಸಿದ್ದಾನೆ. ಹಟ ಹಿಡಿದು ಕೇಳುವುದರಲ್ಲಿ ಮೋಸವಿಲ್ಲ. ಹತ್ತು ಸಲ ಕೇಳಿಯೂ ಆಗದಿದ್ದರೆ ಬಿಟ್ಟುಬಿಡಿ. ಮಗನಿಗೆ ಹಾಗೆಂದು ಹೇಳಲೂ ಹಿಂಜರಿಯಬೇಡಿ. ಆದರೆ ಘಟ್ಟದಲ್ಲಿ ಕಣ್ಣು ತುಂಬಿದ ನಿಮಗೆ ಅದು ಆಗದೆಂದು ನನಗೆ ಅನಿಸುವುದಿಲ್ಲ.

ಬೇರೆ ತಂಡಗಳ ಅವಸರ ಬೇಡ. ಮುಂದೆ ಯಾವಾಗಲಾದರೂ ಮಾಂಟ್ರಿಯಲ್‌ನ ‘ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್’ ತಂಡದ 2000ದ ಜೋಡಿ ಆಲ್ಬಮ್ ಕೇಳಬಹುದು. ನಾಲ್ಕೇ ರಚನೆಗಳು, ಸುಮಾರು 87 ನಿಮಿಷ. ತಾಳಮದ್ದಳೆಗೆ ಕೂತು ರೂಢಿಯಿದ್ದವರಿಗೆ ಅದು ಉದ್ದವೆನಿಸದು. ಅದರಲ್ಲಿ ನಿಜವಾದ ಪಿಟೀಲೂ ಇದೆ. ಗ್ಲಾಸ್ಗೋದ ‘ಮೊಗ್ವಾಯ್’ ತಂಡವನ್ನು ಮಾತ್ರ ಇಯರ್‌ಫೋನಿನಲ್ಲಿ ಶಬ್ದ ಏರಿಸಿ ಕೇಳಬೇಡಿ. 1997ರ ಅವರ ಮೊದಲ ಆಲ್ಬಮಿನಲ್ಲಿ ಪಿಸುಮಾತಿನಿಂದ ಸಿಡಿಲಿಗೆ ನಡುವೆ ಮೆಟ್ಟಿಲೇ ಇಲ್ಲದ ಕಡೆಗಳಿವೆ.

ಮಗ ದೀಪಾವಳಿಗೆ ಬಂದಾಗ ಇಬ್ಬರೂ ಸೇರಿ ಕೇಳುವಿರಿ. ಆಗ ಒಂದೇ ಇಯರ್‌ಫೋನನ್ನು ಅವನ ಕಿವಿಗೊಂದು ನಿಮ್ಮ ಕಿವಿಗೊಂದು ಎಂದು ಹಂಚಿಕೊಳ್ಳಬೇಡಿ. ಗಿಟಾರುಗಳನ್ನು ಎಡಕ್ಕೂ ಬಲಕ್ಕೂ ಹಂಚಿ ಮುದ್ರಿಸಿರುತ್ತಾರೆ. ಜಡೆಯ ಒಂದು ಕಾಲು ಅವನಿಗೆ ಹೋಗುತ್ತದೆ, ಇನ್ನೊಂದು ನಿಮಗೆ ಬರುತ್ತದೆ, ನಡುವಿನ ಧಾಟಿ ಇಬ್ಬರಿಗೂ ಸಿಗುವುದಿಲ್ಲ. ಒಂದು ಮೊಬೈಲಿಗೆ ಎರಡು ಜೋಡಿ ಇಯರ್‌ಫೋನ್ ಸಿಕ್ಕಿಸುವ ಕವಲು ವೈರ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಬರುವಾಗ ಅದನ್ನು ತರಲು ಅವನಿಗೆ ಹೇಳಿ.